ಟೆಂಡರ್ ಗೆದ್ದ ಮೇಲೆ ಸೇವೆ ಉಳಿಯುವುದು ಹೇಗೆ?

ಜಿಲ್ಲಾ ಆಸ್ಪತ್ರೆಗೆ ಹೋಗಿ ಬರುವ ರೋಗಿಗೆ ಅಲ್ಲಿ ತನ್ನನ್ನು ನೋಡಿಕೊಂಡವರಲ್ಲಿ ಸರ್ಕಾರಿ ನೌಕರರು ಯಾರು, ಗುತ್ತಿಗೆಯವರು ಯಾರು ಎಂಬುದು ತಿಳಿಯುವುದಿಲ್ಲ. 108ಕ್ಕೆ ಕರೆ ಮಾಡಿದಾಗ ಮನೆ ಬಾಗಿಲಿಗೆ ಬರುವ ಆಂಬುಲೆನ್ಸ್ ವರ್ಷಗಳ ಕಾಲ ಒಂದು ಸಂಸ್ಥೆಯ ನಿರ್ವಹಣೆಯಲ್ಲಿತ್ತು. ಸಿ.ಟಿ. ಸ್ಕ್ಯಾನ್ ಕೋಣೆ ಮತ್ತೊಂದು ಕಂಪನಿಯದು, ಡಯಾಲಿಸಿಸ್ ಘಟಕ ಇನ್ನೊಂದರದು. ಸ್ಟ್ರೆಚರ್ ತಳ್ಳಿದವರು, ವಾರ್ಡ್ ಒರೆಸಿದವರು, ಬಾಗಿಲಲ್ಲಿ ನಿಂತ ಕಾವಲಿನವರು ಹೊರಗುತ್ತಿಗೆ ಏಜೆನ್ಸಿಯವರು. ಕೆಟ್ಟ ಯಂತ್ರ ರಿಪೇರಿ ಮಾಡುವವರಿಗೂ ವೈದ್ಯಕೀಯ ತ್ಯಾಜ್ಯ ಒಯ್ಯುವವರಿಗೂ ಬೇರೆ ಬೇರೆ ಕರಾರುಗಳಿವೆ. ಮೂರು ದಶಕಗಳಲ್ಲಿ ಸರ್ಕಾರಿ ಆಸ್ಪತ್ರೆಯ ಒಂದೊಂದೇ ಕೆಲಸ ಟೆಂಡರಿನ ದಾರಿ ಹಿಡಿದಿದೆ.

ಹಾಗಾಗಿ ಆರೋಗ್ಯ ಸೇವೆಯ ಗುತ್ತಿಗೆ ಯಾರಿಗೆ ಸಿಗುತ್ತದೆ, ಹೇಗೆ ಸಿಗುತ್ತದೆ ಎಂಬುದು ಗುತ್ತಿಗೆದಾರರು ಮತ್ತು ಅಧಿಕಾರಿಗಳ ನಡುವಿನ ವ್ಯವಹಾರವಾಗಿ ಮಾತ್ರ ಉಳಿದಿಲ್ಲ. ಹೆರಿಗೆ ನೋವಿನಲ್ಲಿರುವ ಹೆಣ್ಣುಮಗಳಿಗೆ ವಾಹನ ಸಕಾಲಕ್ಕೆ ಬರುವುದೂ, ಮೂತ್ರಪಿಂಡ ಸೋತವನಿಗೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಸಿಗುವುದೂ ಈ ಕಾಗದಪತ್ರಗಳ ಮೇಲೆ ನಿಂತಿದೆ. ಕರ್ನಾಟಕದ ಅನುಭವವನ್ನೇ ಮುಂದಿಟ್ಟುಕೊಂಡು ನೋಡಿದರೆ ಒಂದು ಮಾತು ಖಚಿತವಾಗುತ್ತದೆ. ಆರೋಗ್ಯ ಗುತ್ತಿಗೆಯ ಹಣೆಬರಹ ಬಿಡ್ ತೆರೆಯುವ ದಿನಕ್ಕಿಂತ ಬಹಳ ಮೊದಲೇ, ಟೆಂಡರ್ ದಾಖಲೆ ಬರೆಯುವಾಗಲೇ ತೀರ್ಮಾನವಾಗಿರುತ್ತದೆ. ಯಾವುದನ್ನು ಅಳೆಯುತ್ತೇವೆ, ಯಾವುದಕ್ಕೆ ಹಣ ಕೊಡುತ್ತೇವೆ, ಎಷ್ಟು ದಿನದಲ್ಲಿ ಕೊಡುತ್ತೇವೆ ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ನೇರ ಉತ್ತರ ಇದ್ದರೆ ಸೇವೆ ಉಳಿಯುತ್ತದೆ. ಇಲ್ಲದಿದ್ದರೆ ಗೆದ್ದವನೂ ಸೋಲುತ್ತಾನೆ, ರೋಗಿಯೂ ಸೋಲುತ್ತಾನೆ.

ಕಾನೂನು ಹೇಳುವುದೇನು

ರಾಜ್ಯದಲ್ಲಿ ಸರ್ಕಾರಿ ಖರೀದಿಗೆ ತಳಹದಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಎಲ್ಲರ ಬಾಯಲ್ಲಿ ಅದು ಕೆಟಿಪಿಪಿ ಕಾಯ್ದೆ. ಮರುವರ್ಷ ಅದರ ನಿಯಮಗಳು ಬಂದವು. ವಸ್ತು, ಕಾಮಗಾರಿ, ಸೇವೆ ಯಾವುದೇ ಇರಲಿ, ವಿನಾಯಿತಿ ಇಲ್ಲದ ಖರೀದಿಯೆಲ್ಲ ಟೆಂಡರ್ ಮೂಲಕವೇ ಆಗಬೇಕು ಎಂಬುದು ಅದರ ಸಾರ. ಟೆಂಡರ್ ಕರೆಯುವ ಪ್ರಾಧಿಕಾರ, ಒಪ್ಪುವ ಪ್ರಾಧಿಕಾರಗಳನ್ನು ಕಾಯ್ದೆ ಬೇರೆ ಬೇರೆಯಾಗಿ ಗುರುತಿಸುತ್ತದೆ. ನಿಯಮಗಳಲ್ಲಿ ಎರಡು ಲಕೋಟೆ ಪದ್ಧತಿಗೂ ಅವಕಾಶವಿದೆ. ಮೊದಲ ಲಕೋಟೆಯಲ್ಲಿ ತಾಂತ್ರಿಕ ಅರ್ಹತೆ, ಎರಡನೆಯದರಲ್ಲಿ ದರ. ತಾಂತ್ರಿಕ ಪರೀಕ್ಷೆಯಲ್ಲಿ ಪಾಸಾದವರ ದರವನ್ನಷ್ಟೇ ತೆರೆಯಬೇಕು. ಈಗ ಲಕೋಟೆಗಳು ಕಾಗದದವಲ್ಲ. 2007ರಿಂದ ಬಂದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯೂ ಅದರ ಮುಂದುವರಿಕೆಯಾದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ಲೂ ಈ ಕೆಲಸವನ್ನು ಕಂಪ್ಯೂಟರಿನ ಮೇಲೆ ತಂದಿವೆ. ಬೆಂಗಳೂರಿನ ಕಚೇರಿಯ ಬಾಗಿಲಲ್ಲಿ ಪ್ರತಿಸ್ಪರ್ಧಿಗಳನ್ನು ತಡೆದು ನಿಲ್ಲಿಸುವ ಕಾಲ ಇದರಿಂದ ಬಹುಮಟ್ಟಿಗೆ ಮುಗಿಯಿತು. ಇದು ಸಣ್ಣ ಸಾಧನೆಯೇನಲ್ಲ.

ಕಾಯ್ದೆಯ 13ನೇ ಪ್ರಕರಣ ಅತಿ ಕಡಿಮೆ ಟೆಂಡರನ್ನು ಒಪ್ಪಬೇಕು ಎನ್ನುತ್ತದೆ. ಆದರೆ ಆ ತೀರ್ಮಾನ ಟೆಂಡರ್ ದಾಖಲೆಯಲ್ಲಿ ಮೊದಲೇ ಹೇಳಿದ, ವಸ್ತುನಿಷ್ಠವಾಗಿ ಅಳೆಯಬಲ್ಲ ಅಂಶಗಳ ಮೇಲೆ ನಿಂತಿರಬೇಕು ಎಂಬ ಮಾತೂ ಅದರಲ್ಲೇ ಇದೆ. ಅಧಿಕಾರಿಗಳು ಮೊದಲರ್ಧವನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯುತ್ತಾರೆ. ಲೆಕ್ಕಪರಿಶೋಧನೆಯ ಹೆದರಿಕೆ ಇದಕ್ಕೆ ಮುಖ್ಯ ಕಾರಣ. ಕಡಿಮೆ ದರದವನನ್ನು ಬಿಟ್ಟು ಉತ್ತಮ ಸೇವೆಯವನನ್ನು ಆರಿಸಿದ ಅಧಿಕಾರಿ ಮುಂದೆ ವರ್ಷಗಟ್ಟಲೆ ವಿವರಣೆ ಕೊಡಬೇಕಾದೀತು. ಕಡಿಮೆ ದರದವನು ಕೈಕೊಟ್ಟರೆ ಮಾತ್ರ ಯಾರೂ ಅಧಿಕಾರಿಯನ್ನು ಕೇಳುವುದಿಲ್ಲ.

ಸೋತ ಬಿಡ್‌ದಾರನಿಗೂ ದಾರಿ ಇದೆ. 16ನೇ ಪ್ರಕರಣದಡಿ 30 ದಿನಗಳ ಒಳಗೆ ಮೇಲ್ಮನವಿ ಸಲ್ಲಿಸಬಹುದು. ನ್ಯಾಯಾಲಯದ ಮೆಟ್ಟಿಲು ಹತ್ತುವವರು 1994ರ ಟಾಟಾ ಸೆಲ್ಯುಲಾರ್ ತೀರ್ಪನ್ನು ನೆನಪಿಡಬೇಕು. ನ್ಯಾಯಾಲಯ ನೋಡುವುದು ತೀರ್ಮಾನಕ್ಕೆ ಬಂದ ರೀತಿ ಸರಿಯೇ ಎಂಬುದನ್ನು. ತೀರ್ಮಾನದ ಮೇಲೆ ಅದು ಅಪೀಲು ಪೀಠವಾಗಿ ಕೂರುವುದಿಲ್ಲ. ಹಾಗೆಯೇ ಯಾರನ್ನೇ ಕಪ್ಪುಪಟ್ಟಿಗೆ ಸೇರಿಸುವ ಮುನ್ನ ಅವರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿದೆ.

ವಿನಾಯಿತಿಗಳ ಬಾಗಿಲೂ ಕಾಯ್ದೆಯಲ್ಲಿದೆ. ತುರ್ತು ಪರಿಸ್ಥಿತಿಗೆ ಒಂದು, ಸರ್ಕಾರವೇ ಅಧಿಸೂಚನೆ ಹೊರಡಿಸಿ ಕೊಡಬಹುದಾದ 4(ಜಿ) ಇನ್ನೊಂದು. ಸಾಂಕ್ರಾಮಿಕದ ನಡುವೆ ಹಾಸಿಗೆ, ಆಮ್ಲಜನಕಕ್ಕಾಗಿ ತಿಂಗಳುಗಟ್ಟಲೆ ಟೆಂಡರ್ ಕಾಯಲಾಗದು ಎಂಬುದು ನಿಜ. ಕೋವಿಡ್ ಕಾಲದ ಖರೀದಿಗಳ ತನಿಖೆಗೆ 2023ರಲ್ಲಿ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಆಯೋಗ ರಚನೆಯಾಗಬೇಕಾಗಿ ಬಂದದ್ದೂ ಅಷ್ಟೇ ನಿಜ. ತುರ್ತಿಗೆ ಬಾಗಿಲು ಬೇಕು. ಆ ಬಾಗಿಲಿನಲ್ಲಿ ಯಾರು ಯಾವ ದರಕ್ಕೆ ಒಳಬಂದರು ಎಂಬುದು ಆ ವಾರವೇ ಪ್ರಕಟವಾಗುವ ವ್ಯವಸ್ಥೆಯೂ ಬೇಕು.

ನಾಲ್ಕು ದಾರಿಗಳು, ನಾಲ್ಕು ಪಾಠಗಳು

ಸರ್ಕಾರದೊಂದಿಗೆ ಆರೋಗ್ಯ ಸೇವೆಗಾಗಿ ಕೈಜೋಡಿಸಲು ರಾಜ್ಯದಲ್ಲಿ ಮುಖ್ಯವಾಗಿ ನಾಲ್ಕು ದಾರಿಗಳು ಕಂಡಿವೆ.

ಮೊದಲನೆಯದು ಗುಂಬಳ್ಳಿಯದು. ಚಾಮರಾಜನಗರ ಜಿಲ್ಲೆ ಯಳಂದೂರು ತಾಲ್ಲೂಕಿನ ಈ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸರ್ಕಾರ ಕರುಣಾ ಟ್ರಸ್ಟಿಗೆ ವಹಿಸಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ಕಟ್ಟಿದ ಈ ಸಂಸ್ಥೆ ಆ ತಾಲ್ಲೂಕಿನಲ್ಲಿ ಮೊದಲು ಕುಷ್ಠರೋಗದ ವಿರುದ್ಧ ದುಡಿದಿತ್ತು. ಹಾಗಾಗಿ ಜನರಿಗೆ ಅದರ ಪರಿಚಯವಿತ್ತು, ಅದಕ್ಕೂ ಜನರ ಕಾಯಿಲೆಗಳ ಪರಿಚಯವಿತ್ತು. ಮೂರ್ಛೆರೋಗ, ಮಾನಸಿಕ ಆರೋಗ್ಯದಂಥ ವಿಷಯಗಳೂ ಪ್ರಾಥಮಿಕ ಕೇಂದ್ರದ ಮಟ್ಟಕ್ಕೆ ಬಂದವು. ಮುಂದೆ ‘ಆರೋಗ್ಯ ಬಂಧು’ ಯೋಜನೆಯಡಿ ಇನ್ನಷ್ಟು ಕೇಂದ್ರಗಳು ಸ್ವಯಂಸೇವಾ ಸಂಸ್ಥೆಗಳಿಗೂ ವೈದ್ಯಕೀಯ ಕಾಲೇಜುಗಳಿಗೂ ಹೋದವು. ನಂಬಿಕೆಯ ಮೇಲೆ ನಡೆದ ಈ ದಾರಿಯ ಬಲ ನಡೆಸಿದವರ ನಿಷ್ಠೆಯಲ್ಲಿತ್ತು, ದೌರ್ಬಲ್ಯವೂ ಅಲ್ಲೇ ಇತ್ತು. ಒಬ್ಬರ ನಿಷ್ಠೆಯನ್ನು ಆದೇಶ ಹೊರಡಿಸಿ ಎಲ್ಲರಿಗೂ ಹಂಚಲಾಗದು. ಸಂಸ್ಥೆ ಬದಲಾದಲ್ಲಿ ಫಲವೂ ಬದಲಾಗುತ್ತದೆ.

ಎರಡನೆಯದು ರಾಯಚೂರಿನದು. ಒಪೆಕ್ ನಿಧಿಯ ನೆರವಿನಿಂದ ಕಟ್ಟಿದ 350 ಹಾಸಿಗೆಗಳ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಊರವರಿಗೆ ಇಂದಿಗೂ ‘ಒಪೆಕ್ ಆಸ್ಪತ್ರೆ’. ಅದನ್ನು ನಡೆಸುವ ಹೊಣೆಯನ್ನು ಸರ್ಕಾರ ಹತ್ತು ವರ್ಷಗಳಿಗೆ ಅಪೋಲೊ ಸಂಸ್ಥೆಗೆ ಕೊಟ್ಟಿತು. ಕಟ್ಟಡ, ಯಂತ್ರ ಸರ್ಕಾರದವು, ನಿರ್ವಹಣೆ ಖಾಸಗಿಯದು. ಒಂದು ಪಾಲು ಹಾಸಿಗೆ ಬಡವರಿಗೆ ಮೀಸಲು. ಹಿಂದುಳಿದ ಜಿಲ್ಲೆಗೆ ತಜ್ಞ ಚಿಕಿತ್ಸೆ ತರಬೇಕೆಂಬ ಆಸೆ ದೊಡ್ಡದಿತ್ತು. ಆದರೆ ಹಾಸಿಗೆ ಮೀಸಲಿಡುವುದೇ ಬೇರೆ, ಬಡ ರೋಗಿ ಆ ಹಾಸಿಗೆ ತಲುಪುವುದೇ ಬೇರೆ. ಪಡಿತರ ಚೀಟಿ ತೋರಿಸಿದ ರೋಗಿಯ ಔಷಧಿ, ಪರೀಕ್ಷೆಗಳ ಖರ್ಚನ್ನು ಯಾರು, ಯಾವಾಗ ತುಂಬಬೇಕು ಎಂಬುದು ಬಿಗಿಯಾಗಿಲ್ಲದ ಕಡೆ ಮೀಸಲು ಕಾಗದದಲ್ಲೇ ಉಳಿಯುತ್ತದೆ. 2012ರಲ್ಲಿ ಒಪ್ಪಂದ ಮುಗಿದು ಆಸ್ಪತ್ರೆ ಸರ್ಕಾರದ ಕೈಗೆ ಮರಳಿತು. ಬಿಟ್ಟುಹೋಗುವಾಗ ತಜ್ಞರು, ದಾಖಲೆಗಳು, ಯಂತ್ರಗಳ ಸ್ಥಿತಿ ಹೇಗಿರಬೇಕು ಎಂಬುದನ್ನು ಆರಂಭದ ದಿನವೇ ಬರೆಯಬೇಕು ಎನ್ನುವುದು ಇಂಥ ದೀರ್ಘ ಒಪ್ಪಂದಗಳೆಲ್ಲ ಕಲಿಸುವ ಪಾಠ.

ಮೂರನೆಯದು 108. ಹೈದರಾಬಾದಿನಲ್ಲಿ 2005ರಲ್ಲಿ ಆರಂಭವಾದ ಈ ಸೇವೆ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಂತು. ಹಳ್ಳಿಗಾಡಿನ ತಾಯಂದಿರಿಗೆ, ಹೆದ್ದಾರಿಯಲ್ಲಿ ಬಿದ್ದವರಿಗೆ ಇದು ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇಡೀ ರಾಜ್ಯದ ತುರ್ತು ಸೇವೆ ಒಂದೇ ಸಂಸ್ಥೆಯ, ಒಂದೇ ಕರೆ ಕೇಂದ್ರದ ಮೇಲೆ ನಿಂತರೆ ಏನಾಗುತ್ತದೆ ಎಂಬುದು 2022ರ ಸೆಪ್ಟೆಂಬರಿನಲ್ಲಿ ಕಂಡಿತು. ಸರ್ವರ್ ಕೆಟ್ಟು ಗಂಟೆಗಟ್ಟಲೆ ಕರೆಗಳು ಸರಿಯಾಗಿ ತಲುಪದೆ ಜನ ಪರದಾಡಿದರು. ವೇತನ ಬಾಕಿಗಾಗಿ ಆಂಬುಲೆನ್ಸ್ ಸಿಬ್ಬಂದಿಯ ಪ್ರತಿಭಟನೆ, ಹೊಸ ಟೆಂಡರಿನ ವಿಳಂಬ, ನ್ಯಾಯಾಲಯದ ವ್ಯಾಜ್ಯ ಇವೆಲ್ಲ ಮತ್ತೆ ಮತ್ತೆ ಸುದ್ದಿಯಾದವು. ಪರ್ಯಾಯ ಇಲ್ಲದ ಸೇವೆಯಲ್ಲಿ ದಂಡದ ಷರತ್ತಿಗೆ ಬೆಲೆ ಇಲ್ಲ. ನಾಳೆ ಬೆಳಿಗ್ಗೆ ಬೇರೆಯವರಿಗೆ ವಹಿಸಬಲ್ಲೆ ಎನ್ನುವ ಶಕ್ತಿ ಇರುವ ಸರ್ಕಾರ ಮಾತ್ರ ದಂಡ ಹಾಕಬಲ್ಲದು.

ನಾಲ್ಕನೆಯದು ದರ ನಿಗದಿ ಮಾಡಿ ಆಸ್ಪತ್ರೆಗಳನ್ನು ನೋಂದಾಯಿಸಿಕೊಳ್ಳುವ ದಾರಿ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಬಂದ ಯಶಸ್ವಿನಿ ಇದಕ್ಕೆ ಹಾದಿ ಹಾಕಿತು. 2009ರಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಹುಟ್ಟಿ, ಮರುವರ್ಷ ಬಡತನ ರೇಖೆಗಿಂತ ಕೆಳಗಿನವರಿಗೆ ವಾಜಪೇಯಿ ಆರೋಗ್ಯಶ್ರೀ ಕಲಬುರಗಿ ವಿಭಾಗದಿಂದ ಶುರುವಾಯಿತು. ಇಲ್ಲಿ ದರದ ಪೈಪೋಟಿ ಇಲ್ಲ. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ಕಾಯಿಲೆಗಳ ಪ್ರತಿ ಚಿಕಿತ್ಸೆಗೂ ನಿಗದಿತ ಪ್ಯಾಕೇಜ್ ದರ. ಸೌಲಭ್ಯ, ತಜ್ಞರು ಇರುವ ಆಸ್ಪತ್ರೆ ಒಳಗೆ ಬರಬಹುದು. ರೋಗಿಗೆ ದಾರಿ ತೋರಿಸಲು ಆರೋಗ್ಯಮಿತ್ರರು. ಯೋಜನೆ ಮೊದಲು ಬಂದ ಹಳ್ಳಿಗಳನ್ನೂ ಗಡಿಯ ಆಚೆ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿ, ಸುಮಾರು 60,000 ಮನೆಗಳನ್ನು ಸಮೀಕ್ಷೆ ಮಾಡಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬಂದ ಕಾಯಿಲೆಗಳಿಂದಾಗುವ ಸಾವು ಬಡ ಕುಟುಂಬಗಳಲ್ಲಿ ಗಣನೀಯವಾಗಿ ತಗ್ಗಿದ್ದನ್ನು ಅದು ಕಂಡಿತು. ಇಂದಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೇ ಬೇರಿನ ಗಿಡ. ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿ ಸಿಗುತ್ತದೆ.

ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ಕಾಣುವುದಿಷ್ಟು: ದರವನ್ನು ಮೊದಲೇ ಕಟ್ಟಿ ಗುಣದ ಮೇಲೆ ಆಯ್ಕೆ ಮಾಡಿ, ರೋಗಿಗೂ ಆಸ್ಪತ್ರೆ ಆರಿಸುವ ಹಕ್ಕು ಕೊಟ್ಟ ಕಡೆ ಫಲ ಹೆಚ್ಚು ಸ್ಪಷ್ಟವಾಗಿದೆ. ಪ್ಯಾಕೇಜ್ ದರ ಸಾಲದು, ಹಣ ತಡವಾಗುತ್ತದೆ ಎಂಬ ಖಾಸಗಿ ಆಸ್ಪತ್ರೆಗಳ ದೂರು ಇಲ್ಲೂ ಇದ್ದೇ ಇದೆ. ಆದರೆ ಅದು ಲೆಕ್ಕ ಹಾಕಿ ಸರಿಪಡಿಸಬಹುದಾದ ದೂರು.

ಅತಿ ಕಡಿಮೆ ದರದ ಬೆಲೆ

ಎಲ್-1 ಎಂದರೆ ಅತಿ ಕಡಿಮೆ ದರ ಹೇಳಿದವನು. ಕುರ್ಚಿ, ಮೇಜು ಕೊಳ್ಳುವಾಗ ಈ ಪದ್ಧತಿ ಚೆನ್ನ. ಮನುಷ್ಯರ ದುಡಿಮೆಯೇ ಸೇವೆಯಾದಾಗ ಇದು ಎಲ್ಲಿ ಕಚ್ಚುತ್ತದೆ ಎಂದು ಒಂದು ಲೆಕ್ಕದಲ್ಲಿ ನೋಡೋಣ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಐದು ಡಯಾಲಿಸಿಸ್ ಯಂತ್ರಗಳಿವೆ, ದಿನಕ್ಕೆ ಮೂರು ಪಾಳಿ, ತಿಂಗಳಿಗೆ 26 ದಿನ ಎಂದಿಟ್ಟುಕೊಳ್ಳಿ. ತಿಂಗಳಿಗೆ 390 ಡಯಾಲಿಸಿಸ್ ಆಗುತ್ತವೆ. ಬಿಡ್ ಗೆಲ್ಲಲು ಗುತ್ತಿಗೆದಾರ ತನ್ನ ನಿಜವಾದ ಖರ್ಚಿಗಿಂತ ಒಂದು ಸಲಕ್ಕೆ ಬರೀ 100 ರೂಪಾಯಿ ಕಡಿಮೆ ಹೇಳಿದರೂ ತಿಂಗಳಿಗೆ 39,000 ರೂಪಾಯಿ ಕೊರತೆ. ಅದನ್ನು ತುಂಬುವುದು ಎಲ್ಲಿಂದ? ಒಬ್ಬ ಟೆಕ್ನಿಷಿಯನ್ ಹುದ್ದೆ ಖಾಲಿ ಬಿಡುತ್ತಾನೆ, ಡಯಲೈಸರನ್ನು ಅಳತೆ ಮೀರಿ ಮರುಬಳಕೆ ಮಾಡುತ್ತಾನೆ, ಆರ್.ಓ. ನೀರಿನ ಪರೀಕ್ಷೆ ಮುಂದೂಡುತ್ತಾನೆ. ಮೂರೂ ರೋಗಿಯ ರಕ್ತಕ್ಕೆ ನೇರವಾಗಿ ಮುಟ್ಟುವ ಉಳಿತಾಯಗಳು.

ಹೊರಗುತ್ತಿಗೆ ಸಿಬ್ಬಂದಿಯ ಟೆಂಡರಿನಲ್ಲಿ ಇದು ಇನ್ನೂ ಸುಲಭವಾಗಿ ಕಾಣುತ್ತದೆ. ಕನಿಷ್ಠ ವೇತನ, ಭವಿಷ್ಯನಿಧಿ, ಇ.ಎಸ್.ಐ. ಎಲ್ಲ ಕಾನೂನಿನಲ್ಲಿ ನಿಗದಿಯಾಗಿವೆ. ಪೈಪೋಟಿ ಉಳಿಯುವುದು ಏಜೆನ್ಸಿಯ ಸೇವಾ ಶುಲ್ಕದಲ್ಲಿ ಮಾತ್ರ. ಆ ಶುಲ್ಕ ಸೊನ್ನೆಯ ಹತ್ತಿರ ಬಂದರೂ ಏಜೆನ್ಸಿ ನಡೆಯುತ್ತದೆ ಎಂದರೆ, ಅದರ ಲಾಭ ಕೆಲಸಗಾರರ ಕೈಗೆ ಬಾರದ ಭವಿಷ್ಯನಿಧಿಯಿಂದಲೋ, ಹಾಜರಿ ಪುಸ್ತಕದಲ್ಲಿ ಮಾತ್ರ ಇರುವ ಹೆಸರುಗಳಿಂದಲೋ ಬರಬೇಕು. ಸೊನ್ನೆ ಶುಲ್ಕದ ಬಿಡ್ ಒಪ್ಪುವ ಸಮಿತಿಗೆ ಇದು ತಿಳಿಯದೆ ಇರಲಾರದು.

ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಬಾಣಂತಿಯರು ಸಾಲಾಗಿ ತೀರಿಕೊಂಡಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು, ರಾಜ್ಯವಿಡೀ ತಲ್ಲಣಿಸಿತು. ಅದು ಸೇವೆಯ ಗುತ್ತಿಗೆಯಲ್ಲ, ಔಷಧ ಪೂರೈಕೆ. ಆದರೂ ಎದ್ದ ಪ್ರಶ್ನೆ ಇದೇ: ಖರೀದಿಯ ನಂತರದ ಪರೀಕ್ಷೆಗೆ ನಾವು ಎಷ್ಟು ಗಮನ ಕೊಟ್ಟಿದ್ದೇವೆ? ನೆರೆಯ ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮ ಕಟ್ಟಿದಾಗ ಬಂದ ಔಷಧದ ಮಾದರಿಗಳ ಪ್ರಯೋಗಾಲಯ ಪರೀಕ್ಷೆಯನ್ನೇ ಖರೀದಿಯ ಭಾಗ ಮಾಡಿತು. ಕಡಿಮೆ ದರವೂ ಗುಣವೂ ಒಟ್ಟಿಗೆ ಸಾಧ್ಯ ಎಂದು ದೇಶಕ್ಕೆ ತೋರಿಸಿದ್ದು ಅದೇ.

ಕೇಂದ್ರ ಸರ್ಕಾರದ ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲಿ ಒಂದು ಕಿಟಕಿ ತೆರೆಯಿತು. ಗುಣಮಟ್ಟ ಮುಖ್ಯವಾದ ಕಾಮಗಾರಿ, ಸೇವೆಗಳಲ್ಲಿ ದರದ ಜೊತೆಗೆ ಗುಣಕ್ಕೂ ಶೇ 30ರವರೆಗೆ ಅಂಕ ಕೊಡಬಹುದು ಎಂದಿತು. ಆರೋಗ್ಯ ಸೇವೆಯಲ್ಲಿ ಇದು ಅಪವಾದವಾಗಿರಬಾರದು, ರೂಢಿಯಾಗಬೇಕು.

ಬಿಲ್ಲು ಪಾಸಾಗುವವರೆಗೆ

ಮೇಲಿನ ಡಯಾಲಿಸಿಸ್ ಲೆಕ್ಕವನ್ನೇ ಮುಂದುವರಿಸೋಣ. ಒಂದು ಸಲಕ್ಕೆ 1,200 ರೂಪಾಯಿ ಎಂದುಕೊಂಡರೆ ತಿಂಗಳ ಬಿಲ್ಲು 4.68 ಲಕ್ಷ. ಆರು ತಿಂಗಳು ಹಣ ಬಾರದಿದ್ದರೆ 28 ಲಕ್ಷ ರೂಪಾಯಿ ಗುತ್ತಿಗೆದಾರನ ಕೈಯಿಂದ ಹೋಗಿರುತ್ತದೆ. ದೊಡ್ಡ ಕಂಪನಿಗೆ ಬ್ಯಾಂಕಿನ ಸಾಲ ಸುಲಭ. ಜಿಲ್ಲಾ ಕೇಂದ್ರದ ಸಣ್ಣ ಲ್ಯಾಬ್, ನರ್ಸಿಂಗ್ ಹೋಂ, ಊರಿನ ಟ್ರಸ್ಟ್ ಅಷ್ಟರಲ್ಲಿ ಮುಳುಗುತ್ತದೆ. ಹಣ ತಡವಾಗಿಯೇ ಬರುತ್ತದೆ ಎಂದು ಗೊತ್ತಿರುವ ಅನುಭವಿಗಳು ಆ ಬಡ್ಡಿಯನ್ನೂ ಸೇರಿಸಿ ದರ ಹೇಳುತ್ತಾರೆ. ವಿಳಂಬದಿಂದ ಸರ್ಕಾರಕ್ಕೆ ಉಳಿಯುವುದು ಏನೂ ಇಲ್ಲ. ಅದು ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಕೊಡುತ್ತಿದೆ, ಜೊತೆಗೆ ಒಳ್ಳೆಯ ಸಣ್ಣವರನ್ನು ಕಳೆದುಕೊಳ್ಳುತ್ತಿದೆ.

ಕಾನೂನು ಇಲ್ಲೂ ಸುಮ್ಮನಿಲ್ಲ. 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆಯಂತೆ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರರಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆಯುಷ್ಮಾನ್ ಭಾರತ್‌ನಲ್ಲಿ ರಾಜ್ಯದೊಳಗಿನ ಕ್ಲೇಮಿಗೆ 15 ದಿನಗಳ ಗಡುವಿದೆ. ಆದರೆ ಮುಂದಿನ ಟೆಂಡರ್ ಕೈತಪ್ಪೀತೆಂಬ ಅಂಜಿಕೆಯಿಂದ ಬಡ್ಡಿ ಕೇಳುವ ಗುತ್ತಿಗೆದಾರರು ವಿರಳ. ಹಕ್ಕನ್ನು ಕೇಳಿ ಪಡೆಯಬೇಕಾದ ಸ್ಥಿತಿ ಇರುವವರೆಗೆ ಅದು ಬಲವುಳ್ಳವರ ಹಕ್ಕಾಗಿಯೇ ಉಳಿಯುತ್ತದೆ. ತಡವಾದ ಬಿಲ್ಲಿಗೆ ಬಡ್ಡಿ ತಾನಾಗಿ ಸೇರುವಂತೆ ಖಜಾನೆಯ ತಂತ್ರಾಂಶದಲ್ಲೇ ಏರ್ಪಾಡಾಗಬೇಕು.

ಗೆಲ್ಲಬೇಕೆನ್ನುವವರಿಗೆ

ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುವ ವೈದ್ಯರು, ಸಂಸ್ಥೆಗಳು ಈ ಕಣಕ್ಕೆ ಇಳಿಯದೆ ದೂರ ನಿಂತರೆ ಕಣ ಖಾಲಿ ಇರುವುದಿಲ್ಲ, ಬೇರೆಯವರು ತುಂಬುತ್ತಾರೆ. ಆದ್ದರಿಂದ ಅವರು ಬರಬೇಕು, ಸಿದ್ಧರಾಗಿ ಬರಬೇಕು.

ಸಿದ್ಧತೆ ಟೆಂಡರ್ ಪ್ರಕಟವಾಗುವ ಮೊದಲೇ ಆರಂಭವಾಗುತ್ತದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ನೋಂದಣಿ, ತ್ಯಾಜ್ಯ ವಿಲೇವಾರಿ ಕರಾರು, ಸ್ಕ್ಯಾನಿಂಗ್ ಇದ್ದರೆ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ನೋಂದಣಿ, ಎಕ್ಸ್‌ರೇ, ಸಿ.ಟಿ.ಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ಲ್ಯಾಬಿಗೆ ಎನ್‌ಎಬಿಎಲ್, ಆಸ್ಪತ್ರೆಗೆ ಎನ್‌ಎಬಿಎಚ್ ಮಾನ್ಯತೆ, ಮೂರು ವರ್ಷಗಳ ಆಡಿಟ್ ಆದ ಲೆಕ್ಕ: ಇವೆಲ್ಲ ಕೊನೆಯ ವಾರದಲ್ಲಿ ಓಡಾಡಿ ಹೊಂದಿಸುವ ಕಾಗದಗಳಲ್ಲ. ಅವಧಿ ಮುಗಿದ ಒಂದು ಪ್ರಮಾಣಪತ್ರಕ್ಕಾಗಿ ತಾಂತ್ರಿಕ ಬಿಡ್‌ನಲ್ಲೇ ಬಿದ್ದುಹೋಗುವ ಒಳ್ಳೆಯ ಸಂಸ್ಥೆಗಳಿವೆ.

ಎರಡನೆಯದಾಗಿ ಪ್ರೀ-ಬಿಡ್ ಸಭೆಯನ್ನು ತಪ್ಪಿಸಿಕೊಳ್ಳಬಾರದು. ಒಬ್ಬರಿಗೆಂದೇ ಹೊಲಿದಂತಿರುವ ಟರ್ನ್‌ಓವರ್ ಷರತ್ತು, ಯಾರೂ ಪೂರೈಸಲಾಗದ ಗಡುವು, ಹಣ ಪಾವತಿಯ ಬಗ್ಗೆ ಮೌನ ಇವನ್ನೆಲ್ಲ ಲಿಖಿತವಾಗಿ ಪ್ರಶ್ನಿಸಲು ಅದೇ ಸ್ಥಳ. ಉತ್ತರ ತಿದ್ದುಪಡಿಯಾಗಿ ಪ್ರಕಟವಾದರೆ ಎಲ್ಲರಿಗೂ ಅನ್ವಯಿಸುತ್ತದೆ. ಪ್ರಕಟವಾಗದಿದ್ದರೂ ಕೇಳಿದ ದಾಖಲೆ ಮುಂದೆ ಮೇಲ್ಮನವಿಯಲ್ಲಿ ನೆರವಾಗುತ್ತದೆ.

ಮೂರನೆಯದು ಸ್ಥಳ ಪರಿಶೀಲನೆ. ಆಸ್ಪತ್ರೆಯ ವಿದ್ಯುತ್ ಎಷ್ಟು ಗಂಟೆ ಇರುತ್ತದೆ, ನೀರು ಎಲ್ಲಿಂದ ಬರುತ್ತದೆ, ರಾತ್ರಿ ಪಾಳಿಗೆ ಟೆಕ್ನಿಷಿಯನ್ ಸಿಗುತ್ತಾರೆಯೇ ಎಂಬುದನ್ನು ನೋಡದೆ ಹೇಳಿದ ದರ ಅಂದಾಜಷ್ಟೆ. ನಾಲ್ಕನೆಯದು, ಹೆಚ್ಚು ಧೈರ್ಯ ಬೇಡುವಂಥದು: ಖರ್ಚಿಗಿಂತ ಕೆಳಗೆ ಇಳಿಯದಿರುವುದು. ಸೋತ ಬಿಡ್‌ನಿಂದ ಹೋಗುವುದು ಕೆಲವು ವಾರಗಳ ಶ್ರಮ. ನಷ್ಟದ ದರದಲ್ಲಿ ಗೆದ್ದ ಬಿಡ್‌ನಿಂದ ಠೇವಣಿ, ಬ್ಯಾಂಕ್ ಗ್ಯಾರಂಟಿ, ಹೆಸರು, ನಂಬಿ ಬಂದ ರೋಗಿಗಳು ಎಲ್ಲ ಹೋಗುತ್ತವೆ.

ಸರ್ಕಾರ ಬರೆಯಬೇಕಾದದ್ದು

ಒಳ್ಳೆಯ ಬಿಡ್‌ದಾರರನ್ನು ಬಯಸುವ ಸರ್ಕಾರ ಮೊದಲು ಒಳ್ಳೆಯ ಟೆಂಡರ್ ಬರೆಯಬೇಕು. ಉಪಕರಣ ನಿರ್ವಹಣೆಗಾಗಿ ರಾಷ್ಟ್ರೀಯ ಆರೋಗ್ಯ ಅಭಿಯಾನ 2015ರಲ್ಲಿ ತಂದ ಕಾರ್ಯಕ್ರಮ ಇದಕ್ಕೆ ಹತ್ತಿರದ ಮಾದರಿ. ಜಿಲ್ಲಾ ಆಸ್ಪತ್ರೆಯ ಯಂತ್ರಗಳು ಶೇ 95ರಷ್ಟು ಕಾಲ ಕೆಲಸ ಮಾಡುತ್ತಿರಬೇಕು ಎಂಬ ಅಳತೆಯನ್ನು ಅದು ಇಟ್ಟಿತು. ಎಷ್ಟು ಮಂದಿ ಮೆಕ್ಯಾನಿಕ್‌ಗಳಿದ್ದಾರೆ, ಎಷ್ಟು ಸಲ ಬಂದರು ಎಂಬುದಕ್ಕಿಂತ ಯಂತ್ರ ನಡೆಯುತ್ತಿದೆಯೇ ಎಂಬುದೇ ಅಲ್ಲಿ ಪ್ರಶ್ನೆ. ಆಂಬುಲೆನ್ಸಿಗೆ ಕರೆ ಬಂದ ಕ್ಷಣದಿಂದ ರೋಗಿಯ ಬಳಿ ತಲುಪಿದ ಕ್ಷಣದವರೆಗಿನ ಸಮಯ, ಲ್ಯಾಬಿಗೆ ವರದಿ ಕೈಸೇರಿದ ಸಮಯ ಮತ್ತು ಮರುಪರೀಕ್ಷೆಯ ಫಲ, ಡಯಾಲಿಸಿಸ್‌ಗೆ ಸೋಂಕಿನ ಪ್ರಮಾಣ ಮತ್ತು ತಪ್ಪಿದ ಸರದಿಗಳ ಸಂಖ್ಯೆ, ಹೊರಗುತ್ತಿಗೆಗೆ ಪ್ರತಿ ಕೆಲಸಗಾರರ ಖಾತೆಗೆ ವೇತನ ಬಿದ್ದ ದಿನಾಂಕ: ಇಂಥ ಅಳತೆಗಳ ಮೇಲೆಯೇ ಹಣ ಬಿಡುಗಡೆಯಾಗಬೇಕು.

ಅಳೆಯಲು ಜನ ಬೇಕು. ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿನ ಮೇಲೆ ಲಸಿಕೆ, ಡೆಂಗಿ, ನ್ಯಾಯಾಲಯದ ನೋಟಿಸುಗಳ ನಡುವೆ ಹತ್ತಾರು ಗುತ್ತಿಗೆಗಳ ಕಡತಗಳೂ ಇರುತ್ತವೆ. ವೈದ್ಯರಾಗಿ ತರಬೇತಿ ಪಡೆದವರಿಂದ ಕರಾರು ನಿರ್ವಹಣೆಯನ್ನೂ ನಿರೀಕ್ಷಿಸುವುದು ನ್ಯಾಯವಲ್ಲ. ಲೆಕ್ಕ, ಕಾನೂನು, ತಂತ್ರಜ್ಞಾನ ಬಲ್ಲ ಪುಟ್ಟ ತಂಡವೊಂದು ಪ್ರತಿ ಜಿಲ್ಲೆಯಲ್ಲೂ ಬೇಕು. ಅದಕ್ಕೆ ತಗಲುವ ಖರ್ಚು ತಪ್ಪು ಗುತ್ತಿಗೆಯೊಂದರ ನಷ್ಟಕ್ಕಿಂತ ಕಡಿಮೆಯೇ ಆದೀತು.

ಗುತ್ತಿಗೆ ಬೇಡವೇ ಬೇಡ, ಎಲ್ಲವನ್ನೂ ಸರ್ಕಾರವೇ ನಡೆಸಲಿ ಎನ್ನುವ ವಾದಕ್ಕೂ ತೂಕವಿದೆ. ಪ್ರಾಥಮಿಕ ಆರೈಕೆ, ಶುಶ್ರೂಷೆ, ತುರ್ತು ಕರೆ ಕೇಂದ್ರದಂಥ ಬೆನ್ನೆಲುಬಿನ ಕೆಲಸಗಳು ಕಾಯಂ ನೌಕರರ ಕೈಯಲ್ಲಿ ಇರುವುದೇ ಒಳಿತು. ಅಲ್ಲಿ ವರ್ಷ ವರ್ಷ ಬದಲಾಗುವ ಕೈಗಳು ಅನುಭವವನ್ನು ಚೆಲ್ಲುತ್ತವೆ. ಆದರೆ ಖಾಲಿ ಹುದ್ದೆಗಳನ್ನು ತುಂಬದೆ, ಯಂತ್ರಕ್ಕೆ ತಂತ್ರಜ್ಞರನ್ನು ಕೊಡದೆ ಸರ್ಕಾರವೇ ನಡೆಸುತ್ತದೆ ಎಂದರೆ ಬಾಗಿಲು ಹಾಕಿದ ಕೋಣೆಯಷ್ಟೇ ಉಳಿಯುತ್ತದೆ. ಯಾವುದನ್ನು ತಾನೇ ಮಾಡಬೇಕು, ಯಾವುದನ್ನು ಕೊಳ್ಳಬೇಕು ಎಂಬುದನ್ನು ಸರ್ಕಾರ ಬಹಿರಂಗವಾಗಿ, ಕಾರಣ ಕೊಟ್ಟು ನಿರ್ಧರಿಸಲಿ.

ಕೊನೆಯದಾಗಿ, ಈ ವ್ಯವಹಾರದಲ್ಲಿ ಮಾತೇ ಇಲ್ಲದ ಮೂರನೆಯವರು ರೋಗಿಗಳು. ಸಹಿ ಹಾಕುವುದು ಇಲಾಖೆ ಮತ್ತು ಗುತ್ತಿಗೆದಾರ, ಫಲ ಉಣ್ಣುವುದು ರೋಗಿ. ಪ್ರತಿ ಗುತ್ತಿಗೆಯ ಮುಖ್ಯ ಷರತ್ತುಗಳು, ಈ ತಿಂಗಳ ಅಳತೆಯ ಫಲ, ಹಾಕಿದ ದಂಡ, ಬಾಕಿ ಇರುವ ಬಿಲ್ಲು ಇಷ್ಟನ್ನು ಕನ್ನಡದಲ್ಲಿ ಆಸ್ಪತ್ರೆಯ ಹೊರರೋಗಿ ವಿಭಾಗದ ಫಲಕದ ಮೇಲೆ ಬರೆದು ಹಾಕಲಿ. ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಅದು ಚರ್ಚೆಯಾಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ದಂಡ ತಪ್ಪಿಸಿಕೊಂಡ ಗುತ್ತಿಗೆದಾರನೂ, ಬಿಲ್ಲು ತಡೆಹಿಡಿದ ಕಚೇರಿಯೂ ಒಂದೇ ಫಲಕದಲ್ಲಿ ಕಂಡಾಗ ಇಬ್ಬರ ಮೇಲೂ ಊರಿನ ಕಣ್ಣಿರುತ್ತದೆ. ಸರ್ಕಾರಿ ಆರೋಗ್ಯ ಗುತ್ತಿಗೆಯನ್ನು ಒಳ್ಳೆಯವರು ಗೆಲ್ಲುವಂತೆ, ಗೆದ್ದವರು ಒಳ್ಳೆಯವರಾಗಿಯೇ ಉಳಿಯುವಂತೆ ಮಾಡುವ ಕೆಲಸ ಅಲ್ಲಿಂದಲೇ ಆರಂಭವಾಗಬೇಕು.